ಕೈಮಾತಿಗೆ ಕೊರಳಾದ ಮಗಳು

ಈಗಷ್ಟೇ ಬೆಳಕು ಹರಿದಿದೆ. ಸಭಾಂಗಣದ ನೆಲ ಒರೆಸುವವರ ಕೆಲಸ ಇನ್ನೂ ಮುಗಿದಿಲ್ಲ, ಆಗಲೇ ಆಕೆ ಬಂದು ಕುರ್ಚಿ ಎಳೆದಾಡುತ್ತಿದ್ದಾರೆ. ಕಿಟಕಿಗೆ ಬೆನ್ನು ಕೊಟ್ಟು ಕೂತರೆ ಮುಖ ಕಪ್ಪಾಗಿ ಕಾಣುತ್ತದೆ. ಮುಖ ಕಾಣದಿದ್ದರೆ ಕಿವಿ ಕೇಳದವರ ಕೈಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ಸರಿಸಿ, ಮುಂದಿನ ಸಾಲಿನಲ್ಲಿ ಹೋಗಿ ಕೂತು, ಅಲ್ಲಿ ಕೂರುವವರ ಕಣ್ಣಿನಿಂದ ಒಮ್ಮೆ ನೋಡುತ್ತಾರೆ. ಮೈಮೇಲೆ ಹೂವು ಚುಕ್ಕಿ ಏನೂ ಇಲ್ಲದ ಕಡುನೀಲಿ ಉಡುಪು. ಕೈಗಳು ಎದ್ದು ಕಾಣಬೇಕು, ಅಷ್ಟೇ.

ಯಾವ ಸಂಶೋಧನೆಗೆ ದೇಶ ಮೊದಲ ಮಣೆ ಹಾಕಬೇಕು ಎಂಬ ಪಟ್ಟಿಯನ್ನು ಸರ್ಕಾರ ಕೆಲವು ವರ್ಷಗಳಿಗೊಮ್ಮೆ ತಿದ್ದುತ್ತದೆ. ಈ ಸಲ ವಿಜ್ಞಾನಿಗಳ ಜೊತೆ ಜನಸಾಮಾನ್ಯರನ್ನೂ ಕರೆದು ಕೇಳಲು ಒಂದು ಸಮಿತಿ ಮಾಡಿದೆ. ಕಿವಿ ಕೇಳದವರು ಸಮಿತಿಯ ಮುಂದೆ ಕೈಯಲ್ಲಿ ಆಡಿದ್ದಕ್ಕೆ ದನಿ ಕೊಡುವುದು, ಸಮಿತಿ ಆಡಿದ್ದನ್ನು ಮತ್ತೆ ಕೈಗೆ ಇಳಿಸುವುದು ಈಕೆಯ ಕೆಲಸ. ಇಬ್ಬರು ಸರದಿಯ ಮೇಲೆ ಮಾಡಬೇಕಾದ್ದನ್ನು ಒಬ್ಬರೇ ಮಾಡುತ್ತಾರೆ. ಸಂಜೆ ಹೊತ್ತಿಗೆ ಭುಜ ಮೇಲೇಳುವುದಿಲ್ಲ. ‘ಆದ್ಯತೆ’ ಎಂಬ ಮಾತಿಗೆ ಸನ್ನೆಯೇ ಇರಲಿಲ್ಲವಂತೆ. ಮೊದಲ ದಿನ ಸಭಾಂಗಣದ ಮೆಟ್ಟಿಲ ಮೇಲೆ ಕಿವಿ ಕೇಳದವರೆಲ್ಲ ಸೇರಿ ಕೈ ಕೈ ಆಡಿಸಿ ಜಗಳವಾಡಿ, ಕೊನೆಗೆ ಒಂದು ಕೈಯ ಕೆಳಗಿನ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೇಲಕ್ಕೆಳೆಯುವ ಸನ್ನೆಗೆ ಒಪ್ಪಿದರು.

ಆಕೆಗೆ ಇದು ಕಲಿತು ಬಂದ ವಿದ್ಯೆಯಲ್ಲ, ಹುಟ್ಟಿದ ಮನೆಯ ಭಾಷೆ. ಅಪ್ಪನಿಗೂ ಕೇಳುವುದಿಲ್ಲ, ಅಮ್ಮನಿಗೂ ಕೇಳುವುದಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದರು, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. “ನಮ್ಮನೇಲಿ ಊಟದ ಹೊತ್ತಲ್ಲಿ ಜಗಳ ಆದ್ರೆ ಊಟ ತಣ್ಣಗಾಗೋದು. ಬಯ್ಯೋಕೂ ಕೈ ಬೇಕು, ತಿನ್ನೋಕೂ ಕೈ ಬೇಕಲ್ಲ” ಎಂದು ನಗುತ್ತಾರೆ. ಆದರೆ ಬಾಲ್ಯ ನಗುವಿನಲ್ಲೇ ಕಳೆಯಲಿಲ್ಲ. ಮನೆ ಖಾಲಿ ಮಾಡಿ ಎಂದು ಮಾಲೀಕ ಗದರಿದ್ದನ್ನೂ, ಡಾಕ್ಟರು ಹೇಳಿದ ಕೆಟ್ಟ ಸುದ್ದಿಯನ್ನೂ ಅಪ್ಪ-ಅಮ್ಮನಿಗೆ ದಾಟಿಸುತ್ತಿದ್ದವಳು ಈ ಹುಡುಗಿಯೇ.

ಹೋದ ತಿಂಗಳ ಸಮಿತಿ ಸಭೆಯಲ್ಲಿ ಮಾತಾಡಲು ಅಮ್ಮನೇ ಹೆಸರು ಕೊಟ್ಟಿದ್ದರು. ಸ್ವಂತ ತಾಯಿಯ ಮಾತಿಗೆ ತಾನು ದನಿಯಾಗುವುದು ಸರಿಯಲ್ಲ ಎಂದು ಮಗಳು ಸಮಿತಿಯ ಕಾರ್ಯದರ್ಶಿಗೆ ತಿಳಿಸಿ, ಬೇರೆಯವರನ್ನು ಕರೆಸಲು ಕೇಳಿಕೊಂಡರು. ಹುಡುಕಿದರೂ ಬೇರೆ ಯಾರೂ ಸಿಗಲಿಲ್ಲ. ಅಮ್ಮ ಎದ್ದು ನಿಂತರು. ಮಗಳು ಎಂದಿನಂತೆ ‘ನಾನು’ ಎಂದೇ ಶುರುಮಾಡಿದರು. ಈ ಕೆಲಸದಲ್ಲಿ ಆಡುವವರ ‘ನಾನು’ ಎಂಬುದೇ ದನಿ ಕೊಡುವವರ ‘ನಾನು’.

“ನನಗೊಬ್ಬ ಮಗ ಇದ್ದ. ತೊಟ್ಟಿಲು ಬೆನ್ನ ಹಿಂದೆ ಇತ್ತು, ನಾನು ಹೊಲೀತಾ ಕೂತಿದ್ದೆ. ಒಂದೊಂದು ಹೊಲಿಗೆ ಮುಗಿದಾಗ್ಲೂ ತಿರುಗಿ ನೋಡ್ತಿದ್ದೆ. ಜ್ವರ ನೆತ್ತಿಗೇರಿ ಅವನು ಅತ್ತಾಗ, ತಿರುಗೋದು ತಡ ಆಯ್ತು.”

ಜ್ವರ ಬಂದು ತಮ್ಮ ಹೋದನೆಂದು ಮಗಳಿಗೆ ಗೊತ್ತಿತ್ತು. ಆವತ್ತು ಆಕೆ ಶಾಲೆಯಲ್ಲಿದ್ದರು. ತೊಟ್ಟಿಲಿನ ಸಂಗತಿ ಕೇಳಿದ್ದು, ಅಲ್ಲ, ಹೇಳಿದ್ದು, ಇದೇ ಮೊದಲು. ಆಕೆ ನೀರಿನ ಲೋಟ ಕೈಗೆತ್ತಿಕೊಂಡರು. ಅಮ್ಮ ಕೈ ನಿಲ್ಲಿಸಿ ಕಾದರು. ಮಗಳು ಲೋಟ ಕೆಳಗಿಟ್ಟು ಮುಂದುವರಿಸಿದರು: “ನಮ್ಮಂಥ ತಾಯಂದಿರಿಗೆ ಮಗು ಅಳೋದು ತಿಳಿಯೋ ಹಾಗೆ ಏನಾದ್ರೂ ಮಾಡಿ. ಅಂಗಡೀಲಿ ಏನೇನೋ ಇದೆಯಂತೆ, ನಮ್ಮ ಕೈಗೆ ಎಟುಕಲ್ಲ.”

ಹಿರಿಯ ಸದಸ್ಯರೊಬ್ಬರು ಮಗಳ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದರು. “ಅವರನ್ನೇ ಕೇಳಿ ಸರ್, ನಾನು ಅವರ ದನಿ ಮಾತ್ರ” ಎಂದರು ಆಕೆ. ಸದಸ್ಯರು ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿಕೊಂಡು ಕೂತರು. ಮಾತು ಊಟದ ಬಿಡುವನ್ನೂ ದಾಟಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮ ಕೇಳಿದ್ದು ಒಂದೇ: ನಾನು ಹೇಳಿದ್ದನ್ನು ಹಾಗೇ ಹೇಳಿದೆಯಾ? ಒಂದಕ್ಷರ ಬಿಡಲಿಲ್ಲಮ್ಮ ಎಂದು ಮಗಳು ಕೈಯಲ್ಲೇ ಉತ್ತರ ಕೊಟ್ಟರು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡೇ ಕೂತಿದ್ದರು. ಹಾಗೆ ಹಿಡಿದುಕೊಂಡರೆ ಆ ಮನೆಯವರಿಗೆ ಮಾತು ನಿಂತಂತೆ.

ಸಭೆಗಳು ಇನ್ನೂ ನಡೆಯುತ್ತಿವೆ, ತಿದ್ದಿದ ಪಟ್ಟಿಯ ಮೊದಲ ಕರಡು ಈ ವಾರ ಹೊರಬಿದ್ದಿದೆ. ಕಿವಿ ಕೇಳದ ತಂದೆತಾಯಿಯ ಮಕ್ಕಳ ಆರೈಕೆ ಅದರಲ್ಲಿ ಹೊಸದಾಗಿ ಸೇರಿದೆ. ಸಂಶೋಧಕರ ತಂಡವೊಂದು ಆಗಲೇ ಅಮ್ಮನ ಮನೆಗೆ ಬಂದು, ಮಗು ಅತ್ತರೆ ಮಿನುಗುವ ದೀಪವೊಂದನ್ನು ತೋರಿಸಿತು. ಬೆನ್ನು ತಿರುಗಿಸಿ ಕೂತವಳಿಗೆ ದೀಪ ಯಾತಕ್ಕೆ, ಮೈಗೆ ತಾಗಿ ನಡುಗುವಂಥದ್ದು ತನ್ನಿ ಎಂದು ಅಮ್ಮ ಚೆನ್ನಾಗಿ ದಬಾಯಿಸಿದರು. ಮುಂದಿನ ವಾರ ಅವರು ಮತ್ತೆ ಬರುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮಗಳು ನೋಯುವ ಭುಜ ನೀವಿಕೊಳ್ಳುತ್ತಾರೆ.

“ಆ ತಂಡದ ಹುಡುಗರು ಒಂಚೂರು ಕೈಮಾತು ಕಲೀಲಿ. ಆಗ ಅಮ್ಮ ಅವರನ್ನ ನೇರವಾಗಿ ಬಯ್ಯಬಹುದು. ನಾನು ಪಕ್ಕದಲ್ಲಿ ಸುಮ್ನೆ ಮಗಳಾಗಿ ಕೂತಿರ್ತೀನಿ.”