ಅರ್ಧ ಟ್ಯಾಂಕ್ ನೀರು

ಕೋವಿಡ್ ಗಲಾಟೆ ಮುಗಿದು ಕಂಬಳಗಳು ಮತ್ತೆ ಸರಿಯಾಗಿ ಶುರುವಾದ ಚಳಿಗಾಲ ಅದು. ನಾನು ಮಣಿಪಾಲದಲ್ಲಿ ಕಚೇರಿ ಇಟ್ಟುಕೊಂಡು ಮೋಟಾರು ವಾಹನಗಳ ವಿಮಾ ಸರ್ವೇಯರ್ ಆಗಿದ್ದೆ. ವಾಹನ ಎಲ್ಲಿಯಾದರೂ ಬಿದ್ದರೆ, ಗುದ್ದಿದರೆ ವಿಮಾ ಕಂಪನಿಯವರು ಸರ್ವೇಯರನ್ನು ಕಳಿಸುತ್ತಾರೆ. ಎಷ್ಟು ಹಾನಿಯಾಯಿತು, ಯಾವ ಕಾರಣಕ್ಕೆ ಆಯಿತು ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ಹೆಂಗಸೊಬ್ಬಳು ಲಾರಿಯ ಅಡಿಗೆ ನುಗ್ಗಿ ಟಾರ್ಚ್ ಬಿಡುವುದನ್ನು ನೋಡಲು ಮೊದಮೊದಲು ಜನ ಸೇರುತ್ತಿದ್ದರು. ಆಮೇಲೆ ಅವರಿಗೂ ಬೇಸರ ಬಂತು.

ಈ ಪ್ರಕರಣದ ಪಿಕಪ್ ಕಾಪು ಸಮೀಪದ ಸುಧಾಕರ ಶೆಟ್ಟರದ್ದು. ಅವರು ಓಟದ ಕೋಣ ಸಾಕುವವರು. ಕಾರ್ಕಳದ ಆಚೆ ನಡೆದ ಕಂಬಳವೊಂದರಲ್ಲಿ ಅವರ ಜೋಡಿ ಎರಡನೇ ಬಹುಮಾನ ಪಡೆದಿತ್ತು. ಮರುದಿನ ಬೆಳಿಗ್ಗೆ ಕೋಣಗಳನ್ನು ಪಿಕಪ್‌ನಲ್ಲಿ ಹತ್ತಿಸಿಕೊಂಡು ಮರಳುವಾಗ, ನಿಟ್ಟೆ ದಾಟಿದ ಮೇಲಿನ ಒಂದು ಇಳಿಜಾರಿನಲ್ಲಿ ಹಿಂದೆ ಕಟ್ಟಿದ್ದ ಟ್ರೇಲರ್ ಅಡ್ಡಡ್ಡ ಎಳೆದು ಮಗುಚಿತು. ಅದರ ಜೊತೆ ಪಿಕಪ್ ಕೂಡ ಚರಂಡಿಗೆ ಇಳಿಯಿತು. ಮುಂದೆ ಕೂತಿದ್ದ ಶೆಟ್ಟರಿಗೂ ಚಾಲಕನಿಗೂ ತರಚಿದ ಗಾಯಗಳಷ್ಟೇ. ಆದರೆ ಮೋಡ ಎಂಬ ಕೋಣದ ಮುಂಗಾಲಿನ ಮಂಡಿಗೆ ಪೆಟ್ಟಾಯಿತು. ನಡೆಯಬಹುದು, ಇನ್ನು ಓಡಿಸುವ ಹಾಗಿಲ್ಲ ಎಂದು ಪಶುವೈದ್ಯರು ಹೇಳಿದರು.

ನಾನು ಹೋದಾಗ ಶೆಟ್ಟರು ಕೋಣಗಳ ಹಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಚಾಲಕ ರಾಜೇಶ ದೂರದಲ್ಲಿ, ತೆಂಗಿನ ಮರದ ಬುಡದಲ್ಲಿ ನಿಂತಿದ್ದ.

"ಬರೆಯಿರಿ ಮೇಡಂ, ಓವರ್‌ಸ್ಪೀಡ್," ಎಂದರು ಶೆಟ್ಟರು. "ಮಂಜು ಬಿದ್ದಿತ್ತು, ರೋಡ್ ಚಂಡಿಯಾಗಿ ಜಾರುತ್ತಿತ್ತು. ಇವನಿಗೆ ಎಂತ ಅವಸರ ಉಂಟು?"

ರಾಜೇಶ ಆ ಮನೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಗಾಡಿ ಓಡಿಸಿದವನು. ಈಗ ಶೆಟ್ಟರು ಕೀಲಿಕೈ ಕಿತ್ತುಕೊಂಡಿದ್ದರು. ಅಷ್ಟೇ ಆಗಿದ್ದರೆ ಬೇರೆ ಕಡೆ ಕೆಲಸ ಸಿಗುತ್ತಿತ್ತೇನೋ. ಆದರೆ ಕೋಣ ಸಾಕುವವರು ಇಡೀ ಜಿಲ್ಲೆಯಲ್ಲಿ ಒಂದೇ ಕುಟುಂಬದಂತೆ. ಎಲ್ಲರ ಫೋನಿನಲ್ಲೂ ಸುದ್ದಿ ಹರಿದಾಡಿ ಆಗಿತ್ತು. ಕೋಣದ ಕಾಲು ಮುರಿದವನು ಎಂಬ ಹೆಸರು ಬಂದವನಿಗೆ ಯಾರೂ ತಮ್ಮ ಕೋಣವನ್ನು ಒಪ್ಪಿಸುವುದಿಲ್ಲ. ನಾನು ಓವರ್‌ಸ್ಪೀಡ್ ಎಂದು ಬರೆದರೆ ಆ ಹೆಸರಿಗೆ ಮೊಹರು ಬಿದ್ದ ಹಾಗೆ.

"ಎಷ್ಟು ಸ್ಪೀಡ್ ಇತ್ತು?" ಎಂದು ಅವನನ್ನು ಕೇಳಿದೆ.

"ನಲವತ್ತರ ಒಳಗೇ ಮೇಡಂ," ಎಂದ. ಹಾಗೆ ಹೇಳದ ಚಾಲಕನನ್ನು ನಾನು ಈತನಕ ಕಂಡಿಲ್ಲ, ಆದ್ದರಿಂದ ನಂಬಲೂ ಇಲ್ಲ, ಬಿಡಲೂ ಇಲ್ಲ.

ಗಾಡಿ ನೋಡಿದೆ. ಟ್ರೇಲರ್ ಎಳೆಯುವಾಗ ನೋಡಬೇಕಾದದ್ದು ಬಹಳವೇನಿಲ್ಲ. ಪಿಕಪ್‌ಗೂ ಟ್ರೇಲರ್‌ಗೂ ಕೊಂಡಿ ಹಾಕುವ ಕಪ್ಲಿಂಗ್ ಗಟ್ಟಿ ಇರಬೇಕು, ಅದು ಕಳಚಿದರೆ ಹಿಡಿಯಲು ಸೇಫ್ಟಿ ಚೈನ್ ಇರಬೇಕು. ಹಿಂದಿನ ಲೈಟುಗಳು ಉರಿಯಬೇಕು, ಮಂಜಿನಲ್ಲಂತೂ ಅವೇ ಜೀವ. ಚಳಿಯ ಬೆಳಿಗ್ಗೆ ಟೈರಿನ ಗಾಳಿ ಸ್ವಲ್ಪ ಇಳಿದಿರುತ್ತದೆ, ಹೊರಡುವ ಮೊದಲು ಅದನ್ನು ನೋಡಬೇಕು. ಹೊರೆಯ ಭಾರ ಟ್ರೇಲರಿನ ಅಚ್ಚಿಗಿಂತ ತುಸು ಮುಂದೆ ಬೀಳಬೇಕು. ಹಿಂದೆ ಬಿದ್ದರೆ ಟ್ರೇಲರ್ ನಾಯಿಯ ಬಾಲದ ಹಾಗೆ ಆಡತೊಡಗುತ್ತದೆ. ರಾಜೇಶನ ಗಾಡಿಯಲ್ಲಿ ಎಲ್ಲವೂ ಸರಿಯಿತ್ತು. ಚೈನಿಗೆ ಗ್ರೀಸ್ ಕೂಡ ಹಚ್ಚಿದ್ದ. ಇಷ್ಟು ಜಾಗ್ರತೆಯ ಮನುಷ್ಯ ಮಂಜಿನಲ್ಲಿ ಗಾಡಿ ಹಾರಿಸಿದ ಎಂಬುದು ನನ್ನ ತಲೆಗೆ ಹೋಗಲಿಲ್ಲ.

"ಟ್ರೇಲರ್‌ನಲ್ಲಿ ಎಂತ ಇತ್ತು?"

"ನೀರು," ಎಂದರು ಶೆಟ್ಟರು, ಇದೂ ಒಂದು ಪ್ರಶ್ನೆಯೇ ಎಂಬ ಹಾಗೆ.

ಓಟದ ಕೋಣಗಳಿಗೆ ಪರವೂರಿನ ನೀರು ಕುಡಿಸುವುದಿಲ್ಲ. ಹೊಟ್ಟೆ ಕೆಟ್ಟರೆ ವರ್ಷದ ಶ್ರಮವೆಲ್ಲ ಮಣ್ಣುಪಾಲು. ಹಾಗಾಗಿ ಮನೆಯ ಬಾವಿಯ ನೀರೇ ಜೊತೆಗೆ ಹೋಗುತ್ತದೆ. ಹೆಚ್ಚಿನವರು ಡ್ರಮ್ಮುಗಳಲ್ಲಿ ಒಯ್ಯುತ್ತಾರೆ. ಶೆಟ್ಟರು ಎಲ್ಲದರಲ್ಲೂ ಒಂದು ಹೆಜ್ಜೆ ಮುಂದೆ. ಟ್ರೇಲರ್ ಮಾಡಿಸಿ, ಅದರ ಮೇಲೆ ಐನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕನ್ನು ಉದ್ದಕ್ಕೆ ಮಲಗಿಸಿ ಕೂರಿಸಿದ್ದರು.

"ಬರುವಾಗ ಎಷ್ಟು ನೀರಿತ್ತು?"

"ಅರ್ಧ ಉಳಿದಿತ್ತು ಮೇಡಂ," ಎಂದ ರಾಜೇಶ.

"ಕೆಲಸ ಮುಗಿದಿತ್ತಲ್ಲ, ಅಲ್ಲೇ ಚೆಲ್ಲಿ ಬರಬಹುದಿತ್ತು."

ಶೆಟ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಮನೆಯ ನೀರನ್ನು ಬೇರೆಯವರ ಕರೆಯ ಹತ್ತಿರ ಚೆಲ್ಲುವುದುಂಟಾ ಮೇಡಂ? ಗೆದ್ದದ್ದೆಲ್ಲ ಅಲ್ಲೇ ಉಳಿಯುತ್ತದೆ. ನಮ್ಮ ಅಜ್ಜನ ಕಾಲದಿಂದ ನಾವು ಒಂದು ಚೊಂಬು ಬಿಟ್ಟು ಬಂದವರಲ್ಲ."

ಕರೆ ಎಂದರೆ ಕೋಣಗಳು ಓಡುವ ಕೆಸರಿನ ಹಾದಿ. ಅಜ್ಜನ ಕಾಲದಲ್ಲಿ ಕೋಣಗಳು ನಡೆದೇ ಹೋಗುತ್ತಿದ್ದವು, ನೀರು ಹಂಡೆಯಲ್ಲಿರುತ್ತಿತ್ತು. ಹಂಡೆಯ ನಿಯಮವನ್ನು ಶೆಟ್ಟರು ಟ್ಯಾಂಕಿಗೂ ಅನ್ವಯಿಸಿದ್ದರು. ತುಂಬಿದ ಟ್ಯಾಂಕ್ ಕಲ್ಲಿನ ಹಾಗೆ ಸುಮ್ಮನೆ ಕೂತಿರುತ್ತದೆ. ಖಾಲಿ ಟ್ಯಾಂಕಿನಿಂದ ತೊಂದರೆಯೇ ಇಲ್ಲ. ಅರ್ಧ ತುಂಬಿದ್ದರೆ ಮಾತ್ರ ನೀರಿಗೆ ಓಡಾಡಲು ಜಾಗ ಸಿಗುತ್ತದೆ. ಗಾಡಿ ಎಡಕ್ಕೆ ತಿರುಗಿದರೆ ಅದು ಬಲಕ್ಕೆ ಹೊಡೆಯುತ್ತದೆ, ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ. ಇದನ್ನು ಬಾಯಲ್ಲಿ ಹೇಳಿದೆ. ಶೆಟ್ಟರು ನಕ್ಕರು. ನೀರು ಗಾಡಿ ಮಗುಚಿದ್ದನ್ನು ತಾನು ಕೇಳಿಲ್ಲ ಎಂದರು.

ಹಾಗಾದರೆ ರಾಜೇಶನ ಕೈಯಲ್ಲೇ ಓಡಿಸಿ ನೋಡೋಣ ಎಂದೆ. ಇದು ನನ್ನ ಕೆಲಸದ ಭಾಗವೇನೂ ಅಲ್ಲ. ಒಂದು ಮಾತಿಗೆ ಅಂಟಿಕೊಂಡರೆ ಬಿಡದ ಗುಣ ನನ್ನದು, ಮನೆಯವರು ಇದಕ್ಕೆ ಬೇರೆ ಹೆಸರು ಹೇಳುತ್ತಾರೆ.

ಪಿಕಪ್ ರಿಪೇರಿಯಾಗಿ, ಟ್ರೇಲರಿನ ಬಗ್ಗಿದ ಕಂಬಿ ನೇರವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕಾಪುವಿನ ಹೊರಗೆ, ಇನ್ನೂ ಮನೆಗಳೇಳದ ಲೇಔಟ್ ಒಂದರ ನೇರ ರಸ್ತೆಗೆ ಹೋದೆವು. ಇಬ್ಬನಿಗೆ ಡಾಂಬರು ಒದ್ದೆಯಾಗಿತ್ತು. ಹಿಂದೆ ಕೋಣಗಳ ಬದಲು ಮರಳಿನ ಚೀಲಗಳಿದ್ದವು. ರಾಜೇಶನನ್ನು ಪಕ್ಕಕ್ಕೆ ಕರೆದು ಹೇಳಿದೆ, "ಎಂತ ಆದರೂ ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಅಷ್ಟೇ." ಟ್ರೇಲರ್ ಓಲಾಡುವಾಗ ಬ್ರೇಕ್ ಒತ್ತಿದರೆ ಮುಂದಿನ ಗಾಡಿ ನಿಧಾನವಾಗುತ್ತದೆ, ಹಿಂದಿನದು ನೂಕುತ್ತದೆ. ಆಮೇಲೆ ಎರಡೂ ಒಂದರ ಪಕ್ಕ ಒಂದು ಬರಲು ನೋಡುತ್ತವೆ.

ಅವನು ತಲೆಯಾಡಿಸಿದ. ಮುಖದಲ್ಲಿ ಏನೋ ಹೇಳಬೇಕೆಂಬ ಭಾವ ಬಂದು ಹೋಯಿತು.

ಮುಂದಿನ ಸೀಟಿನಲ್ಲಿ ಮೂವರೂ ಕೂತೆವು. ಶೆಟ್ಟರು ನಡುವೆ, ನಾನು ಕಿಟಕಿಯ ಬದಿ. ಮೊದಲು ತುಂಬಿದ ಟ್ಯಾಂಕ್: ರಾಜೇಶ ಸ್ಟೇರಿಂಗನ್ನು ಸ್ವಲ್ಪ ಆಚೀಚೆ ತಿರುಗಿಸಿದರೂ ಟ್ರೇಲರ್ ಸಾಧುವಾಗಿ ಹಿಂಬಾಲಿಸಿತು. ಶೆಟ್ಟರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆಮೇಲೆ ನಲ್ಲಿ ತೆರೆದು ಅರ್ಧ ನೀರು ಇಳಿಸಿ, ಅದೇ ವೇಗದಲ್ಲಿ ಅದೇ ತಿರುವು ಮಾಡಿಸಿದೆ. ಹಿಂದಿನಿಂದ ಧಡ್ ಎಂದು ಹೊಡೆತ ಬಂತು. ಇನ್ನೊಂದು. ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಕಾಣಿಸತೊಡಗಿತು. ನಮ್ಮ ಸೀಟೇ ಜಾರಿದ ಹಾಗಾಯಿತು. ಹೆದರಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಬ್ರೇಕ್ ಪಾಡ್ ಮಾರಾಯಾ! ಬ್ರೇಕ್!" ಬ್ರೇಕ್ ಹಾಕು ಎಂದು ಶೆಟ್ಟರು ತುಳುವಿನಲ್ಲಿ ಕಿರುಚಿ ರಾಜೇಶನ ತೊಡೆಗೆ ಬಡಿದರು.

ರಾಜೇಶ ಬ್ರೇಕ್ ಹಾಕಲಿಲ್ಲ. ಕಾಲು ತೆಗೆದ, ಸ್ಟೇರಿಂಗ್ ಹಿಡಿದುಕೊಂಡ. ಓಲಾಟ ನಿಧಾನಕ್ಕೆ ಇಳಿಯಿತು, ಗಾಡಿ ತಾನಾಗಿಯೇ ನಿಂತಿತು. ಟ್ಯಾಂಕಿನೊಳಗೆ ನೀರು ಇನ್ನೂ ಆಚೀಚೆ ಬಡಿಯುತ್ತಿತ್ತು.

ಶೆಟ್ಟರ ಕೈ ಇನ್ನೂ ರಾಜೇಶನ ತೊಡೆಯ ಮೇಲೇ ಇತ್ತು. ಅದನ್ನು ಅವರು ಮೆಲ್ಲನೆ ತೆಗೆದರು.

"ಅವತ್ತೂ ನಾನು ಹೀಗೇ ಹೇಳಿದ್ದು, ಅಲ್ವಾ?"

"ಹೌದು ಧನಿ."

"ನಾನು ಹೇಳಿದ್ದಕ್ಕೇ ನೀನು ಒತ್ತಿದ್ದು?"

ರಾಜೇಶ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಮತ್ತೆ ಇಷ್ಟು ದಿನ ಎಂತಕ್ಕೆ ಬಾಯಿ ಬಿಡಲಿಲ್ಲ ಮಾರಾಯ?"

"ಮೋಡನ ಕಾಲು ಹೋದದ್ದೇ ನಿಮಗೆ ಅಷ್ಟು ಬೇಜಾರು ಇತ್ತು ಧನಿ. ಅದರ ಮೇಲೆ ಇದನ್ನೂ ಹೇಳುವುದು ಹೇಗೆ?"

ಕಬ್ಬಿಣ, ರಬ್ಬರು, ಗಾಜು ನೋಡಿ ಲೆಕ್ಕ ಹಾಕುವುದು ನನ್ನ ಕಸುಬು. ಆ ಹೊತ್ತು ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಶೆಟ್ಟರು ನನ್ನನ್ನು ಇಳಿಯಲು ಹೇಳಿ ತಾವೂ ಇಳಿದರು. ಟ್ರೇಲರಿನ ಹಿಂದೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಅಜ್ಜನ ಕಾಲದಿಂದ ಒಂದು ಚೊಂಬೂ ಬಿಟ್ಟು ಬಾರದ ನೀರು ಯಾರದೋ ಖಾಲಿ ಸೈಟಿನ ಕೆಂಪು ಮಣ್ಣಿಗೆ ಇಳಿದು ಹೋಯಿತು. ಕೊನೆಯ ಹನಿಯವರೆಗೂ ಅವರು ಅಲ್ಲೇ ನಿಂತಿದ್ದರು. ನಂತರ ಜೇಬಿನಿಂದ ಫೋನ್ ತೆಗೆದು, ನಮ್ಮೆದುರೇ ಕೋಣದವರ ಗುಂಪಿಗೆ ದನಿ ಸಂದೇಶ ಕಳಿಸಿದರು: ತಪ್ಪು ರಾಜೇಶನದ್ದಲ್ಲ, ತನ್ನದು.

ನಾನು ವರದಿಯಲ್ಲಿ ಓಲಾಡುವ ಹೊರೆ, ಒದ್ದೆ ರಸ್ತೆ, ಹಠಾತ್ ಬ್ರೇಕ್ ಎಂದು ಬರೆದೆ. ಬ್ರೇಕ್ ಹಾಕಿಸಿದವರು ಯಾರು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಮರುವರ್ಷ ಪೆರ್ಡೂರಿನ ದಾರಿಯಲ್ಲಿ ಅದೇ ಪಿಕಪ್ ಎದುರಾಯಿತು. ರಾಜೇಶನೇ ಓಡಿಸುತ್ತಿದ್ದ. ಟ್ರೇಲರ್ ಕಾಣಲಿಲ್ಲ, ನೀರು ಕತ್ತಿನವರೆಗೆ ತುಂಬಿದ ಕ್ಯಾನುಗಳಲ್ಲಿ ಕೋಣಗಳ ಮುಂದೆಯೇ ಬಿಗಿಯಾಗಿ ಕೂತಿತ್ತು.

ಅದಾಗಿ ಕೆಲವು ಕಾಲದ ಮೇಲೆ ನಾನು ಈ ಕೆಲಸ ಬಿಟ್ಟೆ. ಅಲ್ಲಿಯವರೆಗೆ ಯಾವ ಚಾಲಕನ ಬಳಿಯೂ ಮೊದಲು ವೇಗ ಎಷ್ಟಿತ್ತೆಂದು ಕೇಳಲಿಲ್ಲ. ಹಿಂದೆ ಏನಿತ್ತು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳುತ್ತಿದ್ದೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಬಹಳಷ್ಟು ಚಾಲಕರು ಗಾಡಿಯ ಧನಿಗಳ ಮುಖ ನೋಡುತ್ತಿದ್ದರು.