ನಲ್ಲಿ ಮೇಸ್ತ್ರಿ ಕೊಂಡ ಹಾಲಿನ ಬಾಟಲಿಗಳು

ಆ ಬೀದಿಯವರೆಲ್ಲ ಅವನನ್ನು ನಲ್ಲಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸೋರುವ ನಲ್ಲಿಯೆದುರು ಅರ್ಧ ದಿನ ಕುಕ್ಕರುಗಾಲಿನಲ್ಲಿ ಕೂತರೂ ಬೇಸರಿಸದ ಮನುಷ್ಯ. ಅಂಥವನಿಗೆ, ಹೆಂಡತಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಹಿಡಿಯಿತು. ಒಂದು ಮನೆಯಲ್ಲಿ ವಾಷರ್ ಬದಲಿಸಿ, ವಾಲ್ವು ತೆರೆಯುವುದನ್ನೇ ಮರೆತು ಬಂದ. ಇನ್ನೊಂದು ಮನೆಯಲ್ಲಿ ಸಿಂಕಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಅಮ್ಮಾ, ನಿಮ್ಮ ಮೊಮ್ಮಗಳಿಗೆ ಯಾವ ಬಾಟಲಿಯಲ್ಲಿ ಹಾಲು ಕೊಡ್ತಿದ್ರಿ?" ಎಂದು ಕೇಳಿದ.

"ಮೊದಲು ಸಿಂಕು ನೋಡಪ್ಪ. ಮೊಮ್ಮಗಳು ಈಗ ಕಾಲೇಜಿಗೆ ಹೋಗ್ತಾಳೆ" ಎಂದರು ಆಕೆ.

ಚಡಪಡಿಕೆಗೆ ಕಾರಣವಿತ್ತು. ಹೆರಿಗೆಯಾದ ಕೂಡಲೇ ಹೆಂಡತಿ ಒಂದು ಔಷಧಿಯನ್ನು ಶುರು ಮಾಡಲೇಬೇಕಿತ್ತು. ಅದು ತಾಯಿಯ ಹಾಲಿಗೂ ಇಳಿಯುವಂಥದು. ಎದೆಹಾಲು ಕೂಡದು, ಬಾಟಲಿಯೇ ಗತಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಲ್ಲಿ ಸುಮ್ಮನೆ ತಲೆಯಾಡಿಸಿದ ಹೆಂಡತಿ ಮನೆಗೆ ಬಂದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಮೇಸ್ತ್ರಿ ಗಾಜಿನದು, ಪ್ಲಾಸ್ಟಿಕ್ಕಿನದು, ಸ್ಟೀಲಿನದು ಎಂದು ಆರು ಬಾಟಲಿ ತಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಆಕೆ ಒಂದನ್ನೂ ಮುಟ್ಟಲಿಲ್ಲ. ಮಡಿಸಿಟ್ಟ ಪುಟ್ಟ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಿಸುತ್ತ ಕೂತಳು. ಒಂದಿಷ್ಟೂ ದೋಷವಿಲ್ಲದ ಬಾಟಲಿ ಸಿಕ್ಕಿಬಿಟ್ಟರೆ ಮುಟ್ಟಿಯಾಳು ಎಂದು ಮೇಸ್ತ್ರಿ ನಂಬಿದ್ದ.

ಹೀಗಾಗಿ ಭಾನುವಾರ ಬೆಳಗ್ಗೆ ಪರೀಕ್ಷೆ ನಡೆಯಿತು. ಎಲ್ಲಕ್ಕೂ ನೀರು ತುಂಬಿ, ಮುಚ್ಚಳವನ್ನು ಕೈಲಾದಷ್ಟು ಬಿಗಿ ಮಾಡಿ, ತಲೆಕೆಳಗಾಗಿ ಹಿಡಿದ. ಐದು ಬಾಟಲಿಗಳು ಸೋರಿದವು. ಆರನೆಯದು ಒಂದು ಹನಿಯನ್ನೂ ಬಿಡಲಿಲ್ಲ. ಹಿಗ್ಗಿಹೋದ ಮೇಸ್ತ್ರಿ, ಅತ್ತಿತ್ತ ನೋಡಿ, ಸಿಂಕಿನ ಕಡೆ ತಿರುಗಿ ನಿಪ್ಪಲನ್ನು ತಾನೇ ಬಾಯಿಗಿಟ್ಟು ಎಳೆದ. ನಾಲ್ಕು ಸಲ ನೀರು ಬಂತು. ಐದನೆಯ ಸಲಕ್ಕೆ ನಿಪ್ಪಲು ಚಪ್ಪಟೆಯಾಗಿ ಒಳಗೆ ಸೇರಿಕೊಂಡಿತು. ದೊಡ್ಡವನ ದವಡೆಗೇ ಹೀಗಾದರೆ ಹಸುಗೂಸಿನ ಪಾಡೇನು? ಚಪ್ಪಲಿ ಮೆಟ್ಟಿ, ಬಾಟಲಿ ಹಿಡಿದು, ಬೀದಿಯ ತುದಿಯ ಅಂಗಡಿಗೆ ಓಡಿದ.

ಅಂಗಡಿಯಾಕೆ ನಾಲ್ಕು ಮಕ್ಕಳನ್ನು ಸಾಕಿದ ಹೆಂಗಸು. ಮುಚ್ಚಳ ತೆಗೆಯಲು ಹೋಗಿ ಅವಳ ಮುಖವೇ ಕೆಂಪಾಯಿತು. "ಏನಪ್ಪಾ ಇದು? ಹಾಲಿನ ಬಾಟಲಿಯೋ, ನೀರಿನ ಮೇನ್ ಪೈಪೋ?"

"ಸೋರಬಾರದಲ್ಲ, ಅಕ್ಕಾ."

"ಸೋರೋದು ಬೇಡ, ಸರಿ. ಗಾಳಿ ಎಲ್ಲಿಂದ ಒಳಗೆ ಹೋಗಬೇಕು? ಟ್ಯಾಂಕಿಗೆ ಗಾಳಿ ಪೈಪು ಇಲ್ದಿದ್ರೆ ನೀರು ಇಳಿಯಲ್ಲ ಅಂತ ಹೋದ ತಿಂಗಳು ನನಗೇ ಅರ್ಧ ಗಂಟೆ ಪಾಠ ಹೇಳಿದ್ದು ಯಾರು?"

ಮೇಸ್ತ್ರಿಗೆ ಕುತ್ತಿಗೆಯವರೆಗೂ ನಾಚಿಕೆ ಹತ್ತಿತು. ಅವನಿಂದಲೇ ಮುಚ್ಚಳ ತೆಗೆಸಿದ ಆಕೆ, ಎರಡೇ ಬೆರಳಿನಲ್ಲಿ ಅದನ್ನು ತಿರುಗಿಸಿ ಮುಚ್ಚಿ, ನಿಪ್ಪಲನ್ನು ಬಾಯಿಗಿಟ್ಟು ಎಳೆದು ತೋರಿಸಿದಳು. ಒಳಗೆ ಗುಳ್ಳೆಗಳೆದ್ದವು; ನಿಪ್ಪಲು ನೆಟ್ಟಗೆ ನಿಂತಿತು. ಧಾರೆ ಧಾರಾಳವಾಗಿ ಬರಲೆಂದು ಅವನು ಮೂರನೆಯ ನಂಬರಿನ ನಿಪ್ಪಲು ಕೊಂಡಿದ್ದ. ಆಕೆ ಅದನ್ನು ಕಿತ್ತು ಪಕ್ಕಕ್ಕಿಟ್ಟಳು. "ಹುಟ್ಟಿದ ಕೂಸಿಗೆ ಒಂದನೇ ನಂಬರು. ನುಂಗೋದಕ್ಕೂ ಉಸಿರಾಡೋದಕ್ಕೂ ನಡುವೆ ಅದಕ್ಕೆ ಬಿಡುವು ಬೇಡ್ವಾ?"

ಮನೆಗೆ ಬಂದವನೇ ಗಾಳಿಯ ವಿಷಯವನ್ನೂ ನಂಬರಿನ ವಿಷಯವನ್ನೂ ಹೆಂಡತಿಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಆಕೆ ಪೂರ್ತಿ ಕೇಳಿ, "ರೀ, ಹಾಲು ಕುಡಿಸೋಳು ಯಾರು?" ಎಂದಳು.

"ನೀನೇ."

"ನನ್ನ ಕೈಗೆ ಯಾವುದು ಒಗ್ಗುತ್ತೆ ಅಂತ ಒಂದು ಸಲ ಕೇಳಿದ್ರಾ?"

"ನೀನು ಮುಟ್ಟಲೇ ಇಲ್ವಲ್ಲೇ."

"ಹೇಗೆ ಮುಟ್ಟಲಿ? ಸೋರಲ್ಲ, ಒಡೆಯಲ್ಲ, ಕೆಡಲ್ಲ ಅಂತ ಒಂದೊಂದನ್ನೇ ಎತ್ತಿ ತೋರಿಸ್ತಿದ್ರಿ. ಕೆಟ್ಟುಹೋದ ನನ್ನ ಬದಲಿಗೆ ಹೊಸ ಸಾಮಾನು ಹುಡುಕ್ತಿದ್ದೀರಿ ಅನ್ನಿಸ್ತು."

ಮೇಸ್ತ್ರಿ ಒಳಗೂ ಹೊರಗೂ ಎರಡು ಸಲ ಓಡಾಡಿದ. ಕಡೆಗೆ ಅವಳೇ ಗೋಡೆ ಹಿಡಿದು ಎದ್ದಳು. "ಚಪ್ಪಲಿ ಈಚೆಗೆ ತಳ್ಳಿ, ಬಗ್ಗೋಕಾಗಲ್ಲ. ಅಂಗಡಿಗೆ ನಾನೂ ಬರ್ತೀನಿ."

ಅಂಗಡಿಯಲ್ಲಿ ಹೆಂಡತಿ ಒಂದು ಟವಲನ್ನು ಸುತ್ತಿ ಮಗುವಿನಂತೆ ಎಡತೋಳಿನ ಮೇಲೆ ಮಲಗಿಸಿಕೊಂಡು, ಒಂದೊಂದೇ ಬಾಟಲಿಯನ್ನು ಬಲಗೈಯಲ್ಲಿ ಓರೆಯಾಗಿ ಹಿಡಿದು ನೋಡಿದಳು. ಒಂದು ಭಾರ, ಒಂದು ದಪ್ಪ, ಇನ್ನೊಂದು ಜಾರುತ್ತಿತ್ತು. ಮೇಸ್ತ್ರಿ ಬಾಯಿ ತೆರೆದಾಗಲೆಲ್ಲ ಅಂಗಡಿಯಾಕೆ ಕಣ್ಣಲ್ಲೇ ಗದರಿದಳು. ಕೊನೆಗೆ ನಡು ಸಣ್ಣಗಿದ್ದ ಒಂದು ಸಾದಾ ಬಾಟಲಿ ಹೆಂಡತಿಯ ಬೆರಳುಗಳಿಗೆ ಒಪ್ಪಿತು. ಟವಲಿನತ್ತ ಅದನ್ನು ಬಾಗಿಸಿ ಆಕೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು.

"ಇದೇ ಇರಲಿ. ಎರಡು ಕೊಡಿ, ಅಕ್ಕಾ."

"ಎರಡನೇದು ತೊಳೆಯೋಕೆ ಹಾಕಿದಾಗ ಬೇಕಾಗುತ್ತೆ" ಎಂದು ಮೇಸ್ತ್ರಿ ಲಗುಬಗೆಯಿಂದ ತಲೆಯಾಡಿಸಿದ.

"ಅದು ನಿಮಗೆ. ನನಗೆ ನಿದ್ದೆ ಬಂದಾಗ ಯಾರು ಕುಡಿಸ್ತಾರೆ? ಬಾಟಲಿ ಆದ್ದರಿಂದ ನಿಮಗೂ ಒಂದು ಪಾಳಿ ಸಿಕ್ಕಿತು." ಹೇಳುತ್ತಲೇ ಟವಲಿನ ಕೂಸನ್ನು ಅವನ ತೋಳಿಗೆ ದಾಟಿಸಿದಳು.

ಈ ಯೋಚನೆ ಅವನಿಗೆ ಬಂದೇ ಇರಲಿಲ್ಲ. ಟವಲನ್ನು ಹಿಡಿದು ಅಲ್ಲಾಡದೆ ನಿಂತ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು, ಹೆಬ್ಬೆರಳಿನ ಮೇಲೆ ಒಡೆದ ಗಾಯ.

"ಅಕ್ಕಾ," ಎಂದು ಅಂಗಡಿಯಾಕೆಯ ಕಡೆ ತಿರುಗಿದ, "ಉಗುರು ತಿಕ್ಕೋ ಬ್ರಷ್ಷು ಇದೆಯಾ? ಇದ್ದರೆ ಬೇಗ ಕೊಡಿ."