ಶೋಭಕ್ಕನ ಮನೆಯ ಹಾಲು

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಪುಣೆಯಲ್ಲಿ ಮಕ್ಕಳ ಬೆಳವಣಿಗೆ ಮತ್ತು ಕುಟುಂಬ ಅಧ್ಯಯನದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಒಂದು ಮಗುವನ್ನು ಕೆಲವು ತಿಂಗಳು ಹತ್ತಿರದಿಂದ ಗಮನಿಸಿ ವರದಿ ಬರೆಯಬೇಕಿತ್ತು. ನನಗೆ ಸಿಕ್ಕವಳು ಎರಡೂವರೆ ವರ್ಷದ ಸಾನ್ವಿ. ತಾಯಿ ಮಾಧವಿ ಬ್ಯಾಂಕ್ ಕೆಲಸಕ್ಕೆ ಹೋಗುತ್ತಿದ್ದರಿಂದ ಹಗಲೆಲ್ಲ ಅವಳು ಧನಕವಡಿಯ ಒಂದು ಪಾಳಣಾಘರದಲ್ಲಿ ಇರುತ್ತಿದ್ದಳು. ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ ಅಲ್ಲಿ ಹಾಗೆನ್ನುತ್ತಾರೆ.

ಅದನ್ನು ನಡೆಸುತ್ತಿದ್ದ ಶೋಭಕ್ಕ ವಿಜಯಪುರದ ಕಡೆಯವರು. ನಾನು ದಾವಣಗೆರೆಯವಳು ಎಂದದ್ದೇ ತಡ, "ನಮ್ಮ ಮಂದಿನ ಬಂದಂಗಾತು, ಬಾ ತಂಗಿ" ಎಂದು ಕರೆದು ಶೇಂಗಾ ಹೋಳಿಗೆ ಕೊಟ್ಟರು. ಮಕ್ಕಳು ಅವರ ಸೆರಗು ಬಿಡುತ್ತಿರಲಿಲ್ಲ. ಯಾರಿಗೆ ಬೆಂಡೆಕಾಯಿ ಸೇರುವುದಿಲ್ಲ, ಯಾರಿಗೆ ಕೂದಲು ಬಾಚಿದರೆ ಅಳು ಬರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಇಂಥ ಜಾಗ ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡೆ.

ಮೊದಲು ಅನುಮಾನ ಬಂದದ್ದು ಮಧ್ಯಾಹ್ನದ ನಿದ್ದೆಯ ಮೇಲೆ. ಊಟವಾಗಿ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಮಕ್ಕಳೆಲ್ಲ ಸಾಲಾಗಿ ಮಲಗಿಬಿಡುತ್ತಿದ್ದವು. ಒಂದು ದಿನ ಮೇಲಿನ ಮನೆಯವರು ಗೋಡೆಗೆ ಡ್ರಿಲ್ ಹಾಕಿಸಿದರು. ನನಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ಒಂದು ಮಗುವೂ ಮಿಸುಕಲಿಲ್ಲ. ಎಚ್ಚರವಿದ್ದವನು ಓಂಕಾರ ಎಂಬ ಹುಡುಗ ಮಾತ್ರ. ಹಾಲು ಅವನಿಗೆ ಆಗುವುದಿಲ್ಲ ಎಂದು ಕೊಡುತ್ತಿರಲಿಲ್ಲ.

ಅಂದಿನಿಂದ ನನ್ನ ಕಣ್ಣು ಸಾನ್ವಿಯನ್ನು ಬಿಟ್ಟು ಅಡುಗೆಮನೆಯ ಕಡೆಗೇ ಹೋಗತೊಡಗಿತು. ಹಾಲು ಬಗ್ಗಿಸುವಾಗ ಶೋಭಕ್ಕ ಯಾವಾಗಲೂ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ನಾನು ಒಳಗೆ ಹೆಜ್ಜೆ ಇಟ್ಟರೆ, "ನೀ ಕೂಡು ತಂಗಿ, ನಾ ತರ್ತೀನಿ" ಎನ್ನುತ್ತಿದ್ದರು. ಉಪಚಾರಕ್ಕೆ ಹೇಳುತ್ತಾರೋ, ತಡೆಯುತ್ತಾರೋ ತಿಳಿಯುತ್ತಿರಲಿಲ್ಲ. ಅವರು ಕೊಟ್ಟ ಚಹಾ ಕುಡಿಯಲೂ ಅಳುಕಾಗತೊಡಗಿತು.

ಕಾಲೇಜಿನಲ್ಲಿ ನನ್ನ ವರದಿಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂಗೆ ಹೇಳಿದೆ. "ಊಹೆಯ ಮೇಲೆ ಒಬ್ಬರ ಹೊಟ್ಟೆಪಾಡಿಗೆ ಕಲ್ಲು ಹಾಕಬಾರದು. ಆದರೆ ನಿಜವಾಗಿದ್ದರೆ ಒಂದು ದಿನವೂ ಸುಮ್ಮನಿರುವಂತಿಲ್ಲ" ಎಂದರು.

ಮರುದಿನ ಶೋಭಕ್ಕ ಹಾಲಿನ ಲೋಟಗಳ ತಟ್ಟೆ ತಂದಿಟ್ಟ ಕೂಡಲೇ, "ಅಕ್ಕಾ, ಇವತ್ತು ನನಗೂ ಹಾಲು ಬೇಕು" ಎಂದು ಒಂದು ಲೋಟ ಎತ್ತಿಕೊಂಡೆ.

"ಅಯ್ಯ, ಅದು ಹುಡುಗ್ರದು. ನಿನಗ ಬ್ಯಾರೆ ಕಾಸಿ ಕೊಡ್ತೀನಿ, ಇಡು."

ಅವರು ಕೈ ಚಾಚುವಷ್ಟರಲ್ಲಿ ಗಟಗಟ ಕುಡಿದೆ. ಸಾನ್ವಿಯ ಲೋಟವನ್ನೂ ಕುಡಿದೆ. ಸಕ್ಕರೆಯ ಹಿಂದೆ ಏನೋ ಕಹಿ ಒಗರು. ಶೋಭಕ್ಕ ನನ್ನನ್ನೇ ನೋಡುತ್ತ ನಿಂತರು. ಆ ನೋಟಕ್ಕೆ ನನಗೆ ಹೆದರಿಕೆಯಾಯಿತು. ನನ್ನ ಕೈ ತಾಗಿ ಚೆಲ್ಲಿತು ಎನ್ನುವಂತೆ ಉಳಿದ ಲೋಟಗಳಿದ್ದ ತಟ್ಟೆಯನ್ನೂ ಉರುಳಿಸಿ ಹೊರಬಿದ್ದೆ.

ಬಸ್ಸಿನಲ್ಲಿ ಮೇಡಂಗೆ ಫೋನ್ ಮಾಡುವಾಗಲೇ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಆಮೇಲೆ ಕಂಡಕ್ಟರ್ ಭುಜ ಅಲುಗಾಡಿಸಿ ಎಬ್ಬಿಸಿದ್ದೇ ನೆನಪು. ನಾನಿಳಿಯುವ ಸ್ಟಾಪ್ ಯಾವಾಗಲೋ ದಾಟಿತ್ತು.

ಮೇಡಂ ಅಷ್ಟರಲ್ಲಿ ಮಾಧವಿಗೆ ತಿಳಿಸಿದ್ದರು. ಸಂಜೆಗೆ ನಾವೆಲ್ಲ ಅಲ್ಲಿಗೆ ಹೋದೆವು, ಬೇರೆ ಮಕ್ಕಳ ತಂದೆತಾಯಂದಿರೂ ಬಂದರು. ರವೆ ಡಬ್ಬಿಯ ಹಿಂದೆ ಕುಡಿದರೆ ನಿದ್ದೆ ಬರಿಸುವ ನೆಗಡಿಯ ಸಿರಪ್ ಬಾಟಲಿಗಳು ಸಿಕ್ಕವು. ಶೋಭಕ್ಕ ಇಲ್ಲ ಎನ್ನಲಿಲ್ಲ. ಅಷ್ಟು ಮಕ್ಕಳಿಗೆ ತಾನೊಬ್ಬಳೇ, ಎರಡು ಗಂಟೆ ಮಲಗಿದರೆ ಸಾಕೆಂದು ಒಂದಿಷ್ಟು ಹಾಕುತ್ತಿದ್ದೆ ಎಂದು ಮರಾಠಿಯಲ್ಲಿ ಹೇಳಿದರು. ಒಬ್ಬ ತಂದೆ ಹೊಡೆಯಲು ಮುಂದಾದ. ಮೇಡಂ ಅಡ್ಡ ನಿಂತು ಪೊಲೀಸರನ್ನು ಕರೆಸಿದರು.

ಪೊಲೀಸರ ಜೊತೆ ಹೊರಡುವಾಗ ಶೋಭಕ್ಕ ನನ್ನ ಹತ್ತಿರ ಬಂದರು. ಶಾಪ ಹಾಕುತ್ತಾರೆ ಎಂದು ನಾನು ಹಿಂದೆ ಸರಿದೆ. ಅವರು ಕನ್ನಡದಲ್ಲಿ, ಮೆಲ್ಲಗೆ, "ತಂಗಿ, ಸಾನ್ವಿ ಎಡಗಿವಿ ಸೋರಾಕತ್ತದ. ನಿನ್ನೆ ನೋಡೀನಿ. ಅವರವ್ವಗ ಗೊತ್ತಿಲ್ಲ, ನೀನ ಹೇಳು" ಎಂದರು.

"ಏನಂದಳು ಅವಳು?" ಎಂದು ಮಾಧವಿ ಸಿಡುಕಿದರು. ಹೇಳಿದೆ. ನಂಬಲಿಲ್ಲ. ನಂಬಬೇಕು ಎಂದು ನಾನೂ ಹೇಳಲಾರದಾದೆ. ಆದರೂ ಮರುದಿನ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಕಿವಿಯಲ್ಲಿ ಕೀವು ಕಟ್ಟಿತ್ತು.

ಮಕ್ಕಳಿಗೆ ಬೇರೇನೂ ಅಪಾಯವಾಗಲಿಲ್ಲ. ಪಾಳಣಾಘರ ಮುಚ್ಚಿತು. ನಾನು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ. ಆದರೆ ಆ ಮಕ್ಕಳ ಮೇಲೆ ಶೋಭಕ್ಕನಿಗೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಹೂಂ ಅನ್ನಲು ಬಾಯಿ ಬರುವುದಿಲ್ಲ. ಈಗ ಇಂಥ ಮನೆಗಳನ್ನು ತಪಾಸಣೆ ಮಾಡುವುದೇ ನನ್ನ ಕೆಲಸ. ಮಕ್ಕಳನ್ನು ಎತ್ತಿ ಮುದ್ದಾಡುತ್ತ ಬಾಗಿಲಿಗೆ ಬರುವವರನ್ನು ನೋಡಿದರೆ ನಾನೂ ನಗುತ್ತೇನೆ. ನಕ್ಕು, ಮೊದಲು ಅಡುಗೆಮನೆ ತೋರಿಸಿ ಎನ್ನುತ್ತೇನೆ.